ಗುಪ್ತಪಡೆಯ ಕತೆ, ಬಹಿರಂಗದ ಬೆಂಕಿ

ಕಳೆದ ರಾಜ್ಯೋತ್ಸವದಂದು ಕಾಕ್ಕನಾಡಿನ ಬಾಡಿಗೆ ಸಭಾಂಗಣವೊಂದರಲ್ಲಿ ನಮ್ಮ ಸಂಘದ ಮಕ್ಕಳು ಆಡಿದ ಕಿರುನಾಟಕವನ್ನು ನೋಡಿ ಚಪ್ಪಾಳೆ ತಟ್ಟಿದವರಲ್ಲಿ ಈ ಲೇಖಕನೂ ಒಬ್ಬ. ಹತ್ತನೆಯ ತರಗತಿಯ ಹುಡುಗನೊಬ್ಬ ತಾನೇ ಬರೆದು, ತಾನೇ ಆಡಿಸಿದ ನಾಟಕವದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು ಎಂದು ಮೂರು ಪಾಲಾದ ನಾಲಗೆಯ ಮಗುವೊಂದು ಇಪ್ಪತ್ತು ಪುಟಗಳಷ್ಟು ಕನ್ನಡವನ್ನು ಕೈಯಾರೆ ಬರೆಯಿತೆಂಬುದೇ ಹೊರನಾಡಿನಲ್ಲಿ ಸಂಭ್ರಮಕ್ಕೆ ಸಾಕಾದ ಕಾರಣ. ಆ ಸಂಭ್ರಮವನ್ನು ಕೆಡಿಸುವುದು ಈ ಬರಹದ ಉದ್ದೇಶವಲ್ಲ. ಆದರೆ ಅಂದು ನಾವು ಯಾವುದಕ್ಕೆ ಚಪ್ಪಾಳೆ ತಟ್ಟಿದೆವು ಎಂಬುದನ್ನು ಕೇಳಿಕೊಳ್ಳದೆ ಹೋದರೆ ಸಂಘವೂ ಬೇಡ, ಅದಕ್ಕೊಂದು ಪತ್ರಿಕೆಯೂ ಬೇಡ.

ನಾಟಕದ ವಸ್ತು ಹೀಗಿತ್ತು. ಮೈಸೂರಿನ ಸೈನ್ಯದಲ್ಲಿ ಯಾರಿಗೂ ತಿಳಿಯದ ಗುಪ್ತಪಡೆಯೊಂದಿತ್ತು. ಅದರ ಯೋಧರ ಬೆನ್ನಿಗೆ ಎಣ್ಣೆಯ ಪೀಪಾಯಿ, ಕೈಯಲ್ಲಿ ಬೆಂಕಿ ಕಾರುವ ಕೊಳವೆ, ಮುಖಕ್ಕೆ ಕಬ್ಬಿಣದ ಮುಸುಕು. ಅವರ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ಹಗಲಿಡೀ ಮಲೆನಾಡಿನ ಕಾಡಿನಲ್ಲಿ ಅಡಗಿದ್ದು, ಇರುಳಿನಲ್ಲಿ ಹೊರಬಂದು ಶತ್ರುವಿನ ಪಾಳೆಯವನ್ನು ಸುಟ್ಟು ಮರಳುತ್ತಾರೆ. ಕೊನೆಗೆ ಆ ರಹಸ್ಯವನ್ನು ಕದಿಯಲು ಆಂಗ್ಲರು ಬಂದಾಗ ಇಡೀ ಪಡೆ ತನ್ನನ್ನು ತಾನೇ ದಹಿಸಿಕೊಂಡು ಇತಿಹಾಸದಿಂದ ಮರೆಯಾಗುತ್ತದೆ. ಕೆಂಪು ಬಟ್ಟೆ, ಬೀಸಣಿಗೆ ಮತ್ತು ವಿದ್ಯುದ್ದೀಪಗಳಿಂದ ಮಕ್ಕಳು ಎಬ್ಬಿಸಿದ ಬೆಂಕಿ ನಿಜಕ್ಕೂ ಬೆಂಕಿಯಂತೆಯೇ ಕಾಣುತ್ತಿತ್ತು. ಸಭೆ ಎದ್ದು ನಿಂತು ಕರತಾಡನ ಮಾಡಿತು.

ನನ್ನ ಪಕ್ಕದಲ್ಲಿ ನೆರೆಮನೆಯ ಟೀಚರ್ ಕುಳಿತಿದ್ದರು. ನಿವೃತ್ತರು, ಆಲುವಾ ಕಡೆಯವರು. ಪ್ರತಿವರ್ಷವೂ ನಮ್ಮ ಹಬ್ಬಕ್ಕೆ ಬರುತ್ತಾರೆ. ಕನ್ನಡ ಬಾರದಿದ್ದರೂ ಭಾವ ತಿಳಿಯುತ್ತದೆ ಎನ್ನುತ್ತಾರೆ. ಅಂದು ಅವರೂ ಎದ್ದು ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕಡೆ ಬಾಗಿ, ಮಲಯಾಳದಲ್ಲಿ, ಮೆಲ್ಲಗೆ ಕೇಳಿದರು: "ಸಾರೇ, ಬೆಂಕಿ ಹಾಕಿದವರನ್ನು ಕಂಡೆವು. ಬೆಂಕಿ ಯಾರ ಮೇಲೆ ಬಿತ್ತು? ಅವರು ನಾಟಕದಲ್ಲಿ ಎಲ್ಲಿ?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಗೊತ್ತಾಯಿತು, ಆ ಪ್ರಶ್ನೆ ಹುಡುಗನ ನಾಟಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಎಂದು. ಹುಡುಗನ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅವನಿಗೆ ಮುಸುಕು ತೊಟ್ಟ ಬೆಂಕಿಯ ಯೋಧ ಸಿಕ್ಕಿದ್ದು ಜಪಾನಿನ ಚಿತ್ರಕತೆಗಳಿಂದ ಮತ್ತು ಗಣಕಯಂತ್ರದ ಆಟಗಳಿಂದ. ಮೈಸೂರಿನ ವೈಭವ ಸಿಕ್ಕಿದ್ದು ನಮ್ಮ ವೇದಿಕೆಯ ಭಾಷಣಗಳಿಂದ. ಎರಡನ್ನೂ ಅವನು ಪ್ರಾಮಾಣಿಕವಾಗಿ ಬೆಸೆದ. ಆಕ್ಷೇಪ ಇರುವುದು ಆ ಭಾಷಣ ಮಾಡುವ, ಆ ನಾಟಕಕ್ಕೆ ತಲೆದೂಗುವ ನಮ್ಮ ಮೇಲೆ.

* * *

ಮೊದಲನೆಯದಾಗಿ 'ಗುಪ್ತ' ಎಂಬ ಮಾತನ್ನೇ ಪರಿಶೀಲಿಸೋಣ. ಬೆಂಕಿಯ ಪಡೆಯನ್ನು ಕುರಿತ ಕಲ್ಪನೆಗಳೆಲ್ಲ ಅದನ್ನು ಗುಪ್ತವಾಗಿಯೇ ಇಡುತ್ತವೆ. ಯಾವುದೋ ನೆಲಮಾಳಿಗೆ, ಯಾರೋ ಹುಚ್ಚು ವಿಜ್ಞಾನಿ, ದಾಖಲೆಯಿಲ್ಲದ ಸೈನಿಕರು. ಈ ಗೌಪ್ಯದ ಕಲ್ಪನೆ ನಮಗೇಕೆ ಇಷ್ಟೊಂದು ಪ್ರಿಯ? ಏಕೆಂದರೆ ಅದು ನಮ್ಮನ್ನು ಹೊಣೆಯಿಂದ ಪಾರುಮಾಡುತ್ತದೆ. ಮನುಷ್ಯರನ್ನು ಜೀವಂತ ಸುಡುವ ಕಾರ್ಯ ಎಲ್ಲೋ ಕತ್ತಲಲ್ಲಿ, ನಮಗೆ ತಿಳಿಯದಂತೆ, ನಮ್ಮ ಒಪ್ಪಿಗೆಯಿಲ್ಲದೆ ನಡೆಯಿತೆಂದು ನಂಬಿಕೊಂಡರೆ ನಮ್ಮ ಕೈ ಶುಭ್ರವಾಗಿಯೇ ಉಳಿಯುತ್ತದೆ. ಆದರೆ ಚರಿತ್ರೆ ಹೇಳುವುದು ಇದಕ್ಕೆ ಪೂರ್ತಿ ವ್ಯತಿರಿಕ್ತವಾದುದನ್ನು.

ಆಧುನಿಕ ಜ್ವಾಲಾಕ್ಷೇಪಕವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವನು ಜರ್ಮನಿಯ ರಿಚರ್ಡ್ ಫೀಡ್ಲರ್ ಎಂಬ ಎಂಜಿನಿಯರು. ಅವನು ಅದನ್ನು ತನ್ನ ಸೈನ್ಯದ ಮುಂದಿಟ್ಟ, ಸೈನ್ಯ ಪರೀಕ್ಷಿಸಿ ಸ್ವೀಕರಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಈ ಪಡೆಯ ನಾಯಕನಾಗಿದ್ದ ಬರ್ನ್‌ಹಾರ್ಡ್ ರೆಡ್ಡಮನ್ ಎಂಬವನ ನಾಗರಿಕ ವೃತ್ತಿ ಯಾವುದಾಗಿತ್ತು? ಅಗ್ನಿಶಾಮಕ ದಳದ ಅಧಿಕಾರಿ! ಲೈಪ್‌ಜಿಗ್ ನಗರದ ಬೆಂಕಿಯನ್ನು ಆರಿಸುವ ಹೊಣೆ ಹೊತ್ತಿದ್ದವನು ಯುದ್ಧಕಾಲದಲ್ಲಿ ಮನುಷ್ಯರಿಗೆ ಬೆಂಕಿ ಹಚ್ಚುವ ಹೊಣೆ ಹೊತ್ತ. ನೀರಿನ ಕೊಳವೆ ಹಿಡಿದು ಪಳಗಿದ ಕೈಗಳಿಗೆ ಎಣ್ಣೆಯ ಕೊಳವೆ ಕೊಟ್ಟರೆ ಸಾಕಾಗಿತ್ತು. 1915ರ ಫೆಬ್ರವರಿಯಲ್ಲಿ ವರ್ಡನ್ ಬಳಿಯ ಮಾಲಾಂಕೂರ್‌ನಲ್ಲಿ ಫ್ರೆಂಚರ ಮೇಲೆ, ಜುಲೈ 30ರಂದು ಬೆಲ್ಜಿಯಂನ ಹೂಗ್ ಎಂಬಲ್ಲಿ ಬ್ರಿಟಿಷರ ಮೇಲೆ ಈ ಬೆಂಕಿ ಸುರಿಯಿತು. ಮರುವರ್ಷ ಆ ಪಡೆಯ ಸೈನಿಕರ ತೋಳಿಗೆ ತಲೆಬುರುಡೆಯ ಲಾಂಛನ ಬಂತು. ಅಡಗಿಸಬೇಕೆಂದಿದ್ದ ಪಡೆಗೆ ಯಾರಾದರೂ ಲಾಂಛನ ಹೊಲಿಸುತ್ತಾರೆಯೇ? ಸಂಬಳ, ಶ್ರೇಣಿ, ಪದಕ ಎಲ್ಲವೂ ಇದ್ದ ಪಡೆ ಅದು.

ಬ್ರಿಟಿಷರು ಹಿಂದುಳಿದರೆಂದೇನೂ ಅಲ್ಲ. 1940ರಲ್ಲಿ ಅವರ ಸರ್ಕಾರದಲ್ಲಿ 'ಪೆಟ್ರೋಲಿಯಂ ಯುದ್ಧ ಇಲಾಖೆ' ಎಂಬ ಒಂದು ಇಲಾಖೆಯೇ ಹುಟ್ಟಿತು. ಬೆಂಕಿಗೆಂದೇ ಒಂದು ಇಲಾಖೆ, ಅದಕ್ಕೆಂದೇ ಗುಮಾಸ್ತರು, ಅದಕ್ಕೆಂದೇ ಕಡತಗಳು. ಅವರ ಕಾಲಾಳಿನ ಬೆನ್ನಿಗೆ ಬಂದ ಜ್ವಾಲಾಕ್ಷೇಪಕದ ಎಣ್ಣೆಯ ತೊಟ್ಟಿ ಬಳೆಯಾಕಾರದಲ್ಲಿದ್ದುದರಿಂದ ಸೈನಿಕರು ಅದಕ್ಕಿಟ್ಟ ಅಡ್ಡಹೆಸರು 'ಲೈಫ್‌ಬಾಯ್'. ಕೊಚ್ಚಿಯ ಬೋಟ್ ಜೆಟ್ಟಿಗಳಲ್ಲಿ ದಿನವೂ ನಾವು ನೋಡುವ, ಮುಳುಗುವವನ ಕಡೆಗೆ ಎಸೆಯುವ ಆ ರಕ್ಷಣೆಯ ಬಳೆಯ ಹೆಸರೇ ಅದು. ಸುಡುವ ಯಂತ್ರಕ್ಕೆ ಉಳಿಸುವ ಯಂತ್ರದ ಹೆಸರಿಟ್ಟು ನಗುವಷ್ಟು ಸಹಜವಾಗಿತ್ತು ಆ ಕ್ರೌರ್ಯ.

ಅಮೆರಿಕದ ಕತೆಯೂ ಬೇರೆಯಲ್ಲ. ಅಂಟಿಕೊಂಡು ಉರಿಯುವ ನೇಪಾಮ್ 1942ರಲ್ಲಿ ಸಿದ್ಧವಾದುದು ನೆಲಮಾಳಿಗೆಯ ಹುಚ್ಚನಿಂದಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ಲೂಯಿ ಫೀಸರ್ ಎಂಬ ಮಾನ್ಯ ರಸಾಯನಶಾಸ್ತ್ರಜ್ಞನ ತಂಡದಿಂದ. 1945ರ ಮಾರ್ಚ್ 9ರ ರಾತ್ರಿಯಿಂದ ಮರುದಿನದ ಬೆಳಗಿನೊಳಗೆ ಟೋಕಿಯೋ ನಗರದಲ್ಲಿ ಆ ಬೆಂಕಿ ಸುಮಾರು ಒಂದು ಲಕ್ಷ ಜನರನ್ನು ಸುಟ್ಟಿತು. ನಮ್ಮ ಮಕ್ಕಳು ಬೆಂಕಿಯ ಯೋಧನನ್ನು ಎರವಲು ತಂದದ್ದು ಯಾವ ನಾಡಿನ ಚಿತ್ರಕತೆಗಳಿಂದಲೋ, ಆ ನಾಡಿಗೆ ಬೆಂಕಿ ಎಂದರೇನೆಂಬುದು ಅಜ್ಜಿಯರ ಮೈಮೇಲಿನ ಕಲೆಗಳಿಂದ ತಿಳಿದಿದೆ. ನಾವು ಮುಸುಕನ್ನು ಮಾತ್ರ ಎರವಲು ತಂದೆವು; ಕಲೆಗಳನ್ನು ಅಲ್ಲಿಯೇ ಬಿಟ್ಟೆವು.

ನಿಜವಾಗಿ ಗುಪ್ತವಾಗಿದ್ದ ಬೆಂಕಿಯೊಂದಿತ್ತು: ಏಳನೆಯ ಶತಮಾನದಲ್ಲಿ ಬೈಜಾಂಟಿಯಂನವರು ಹಡಗುಗಳಿಂದ ಕೊಳವೆಯ ಮೂಲಕ ಎರಚುತ್ತಿದ್ದ 'ಗ್ರೀಕ್ ಬೆಂಕಿ'. ಅದರ ಪಾಕವನ್ನು ಅವರು ಎಷ್ಟು ಜೋಪಾನ ಮಾಡಿದರೆಂದರೆ ಆ ಪಾಕ ಕೊನೆಗೆ ಮಣ್ಣುಪಾಲಾಯಿತು. ಇಂದಿಗೂ ಖಚಿತವಾಗಿ ತಿಳಿಯದು. ಆದರೆ ಅಲ್ಲಿಯೂ ಗುಪ್ತವಾಗಿದ್ದುದು ಪಾಕವೇ ಹೊರತು ಪಡೆಯಲ್ಲ.

ಗೌಪ್ಯ ಬರುವುದು ಮೊದಲಲ್ಲ, ಆಮೇಲೆ. ಸುಡುವಾಗ ಎಲ್ಲವೂ ಬಹಿರಂಗ. ಸುಟ್ಟಾದ ಮೇಲೆ ಮೌನ. ಇದಕ್ಕೆ ಪರದೇಶಕ್ಕೆ ಹೋಗಬೇಕಾಗಿಲ್ಲ. 1966ರ ಮಾರ್ಚ್ ಮೊದಲ ವಾರದಲ್ಲಿ ಮಿಜೋ ದಂಗೆಯನ್ನು ಹತ್ತಿಕ್ಕಲು ನಮ್ಮದೇ ವಾಯುಪಡೆಯ ವಿಮಾನಗಳು ಐಜಾಲ್ ಪಟ್ಟಣದ ಮೇಲೆ ದಾಳಿ ನಡೆಸಿದವು. ಪಟ್ಟಣದ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಹಾಡಹಗಲಿನಲ್ಲಿ, ಸಾವಿರಾರು ಜನರ ಕಣ್ಣೆದುರಿಗೆ ನಡೆದ ಆ ಘಟನೆಯ ಬಗ್ಗೆ ದಶಕಗಳ ಕಾಲ ದೇಶದ ಉಳಿದ ಭಾಗಕ್ಕೆ ಏನೂ ಗೊತ್ತಿರಲಿಲ್ಲ. ಅಲ್ಲಿ ಪಡೆ ಗುಪ್ತವಾಗಿರಲಿಲ್ಲ, ಬೆಂದವರನ್ನು ಗುಪ್ತಗೊಳಿಸಲಾಯಿತು. ಪ್ರಭುತ್ವ ಮರೆಮಾಡುವುದು ಬೆಂಕಿ ಹಚ್ಚಿದ ಕೈಯನ್ನಲ್ಲ, ಬೆಂದ ಮೈಯನ್ನು. ನಮ್ಮ ಹುಡುಗನ ನಾಟಕ ತನಗರಿವಿಲ್ಲದೆ ಮಾಡಿದ್ದೂ ಅದನ್ನೇ. ಟೀಚರ್ ಗುರುತಿಸಿದ್ದೂ ಅದನ್ನೇ.

* * *

ಇನ್ನು ನಮ್ಮದೇ ಬೆಂಕಿಗೆ ಬರೋಣ. ಇಲ್ಲಿಯೇ ಅನೇಕರಿಗೆ ಈ ಲೇಖನ ರುಚಿಸದೆ ಹೋಗಬಹುದು.

ಮೈಸೂರಿನ ಸೈನ್ಯದಲ್ಲಿ ಬೆಂಕಿಯ ಪಡೆ ಇದ್ದುದು ಕಲ್ಪನೆಯಲ್ಲ, ವಾಸ್ತವ. ಬೆನ್ನಿಗೆ ಪೀಪಾಯಿ ಇರಲಿಲ್ಲ, ಕೈಯಲ್ಲಿ ಬಾಣವಿತ್ತು. ಬಿದಿರಿನ ಗಳುವಿಗೆ ಕಟ್ಟಿದ ಕಬ್ಬಿಣದ ಕೊಳವೆ, ಅದರೊಳಗೆ ಒತ್ತಿ ತುಂಬಿದ ಮದ್ದು. ಕಾಗದದ ಅಥವಾ ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆಯಿತು. ಆದ್ದರಿಂದ ಹೆಚ್ಚು ಮದ್ದು, ಹೆಚ್ಚು ವೇಗ, ಹೆಚ್ಚು ದೂರ. ಅಂದಿನ ಯುರೋಪಿನಲ್ಲಿ ಇಂಥದು ಇರಲಿಲ್ಲ. ಹೈದರನ ಕಾಲದಲ್ಲಿ ಸುಮಾರು 1,200 ಮಂದಿಯಿದ್ದ ಈ ಪಡೆ ಟಿಪ್ಪುವಿನ ಕಾಲದಲ್ಲಿ ಸುಮಾರು 5,000ಕ್ಕೆ ಏರಿತೆಂದು ಹೇಳುತ್ತಾರೆ. ಟಿಪ್ಪುವಿನ ಸೈನಿಕ ಕೈಪಿಡಿಯಾದ 'ಫತುಲ್ ಮುಜಾಹಿದೀನ್'ನಲ್ಲಿ ಅವರ ಕರ್ತವ್ಯದ ನಿರೂಪಣೆಯಿದೆ. ಬೆಂಗಳೂರಿನ ತಾರಾಮಂಡಲಪೇಟೆ ಎಂಬ ಹೆಸರು ಆ ಬಾಣಗಳ ನೆನಪೆಂದು ಹೇಳುವುದುಂಟು. ಹಬ್ಬಕ್ಕೆ ಸುಡುವ ಮದ್ದಿಗೆ ನಾವು ಇಂದಿಗೂ 'ಬಾಣಬಿರುಸು' ಎಂದೇ ಅನ್ನುತ್ತೇವೆ. ಬೀದಿಗೂ ಭಾಷೆಗೂ ಹೆಸರು ಕೊಟ್ಟದ್ದು ಹೇಗೆ ತಾನೆ ಗುಪ್ತವಾದೀತು?

ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರು ಬೆಂಗಳೂರಿನ ಖ್ಯಾತ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ. 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಬರೆದ ಪ್ರಬಂಧ, ನಮ್ಮ ಕುಶಲಕರ್ಮಿಗಳ ಸಾಧನೆಯನ್ನು ಗೌರವದಿಂದ ತೂಗಿತು. ಜೊತೆಗೇ ಆ ಸಾಧನೆ ಇಲ್ಲಿ ವಿಜ್ಞಾನವಾಗಿ ಏಕೆ ಬೆಳೆಯಲಿಲ್ಲ ಎಂಬ ಕಹಿ ಪ್ರಶ್ನೆಯನ್ನೂ ಎತ್ತಿತು. ನಮ್ಮ ವೇದಿಕೆಗಳು ಮೊದಲರ್ಧವನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಮಿಕ್ಕಿ ಅಂಥ ಕೊಳವೆಗಳು ದೊರೆತವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬುದು ಗಾದೆ. ನಗರದಲ್ಲಿ ಬಾವಿ ತೋಡಿದರೆ ಬೆಂಕಿಯೇ ಸಿಕ್ಕಿತು. ಹುಡುಗನ 'ಕಾಡಿನ ಗುಪ್ತಪಡೆ'ಯ ಬೀಜ ಈ ಸುದ್ದಿಯಲ್ಲಿಯೇ ಇರಬೇಕು.

ಈ ಪಡೆಯ ಪರಾಕ್ರಮದ ಬಗ್ಗೆ ಸಂಶಯವಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದು ಆಂಗ್ಲಸೈನ್ಯ ಧೂಳೀಪಟವಾಯಿತು. ಅದಕ್ಕೆ ಮೈಸೂರಿನ ಬಾಣಗಳೇ ಕಾರಣವೆನ್ನುವವರುಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನಾವೆಲ್ಲ ಮಕ್ಕಳಿಗೆ ತೋರಿಸಿದ್ದೇವೆ. 1799ರ ಏಪ್ರಿಲ್‌ನಲ್ಲಿ ಸುಲ್ತಾನಪೇಟೆ ತೋಪಿನ ಕತ್ತಲಲ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ಬಾಣಗಳೂ ಬಂದೂಕುಗಳೂ ಸುರಿಸಿದ ಬೆಂಕಿಯೆದುರು ಹಿಮ್ಮೆಟ್ಟಿದ. ಇವನ್ನು ಹೇಳುವಾಗ ಎದೆಯುಬ್ಬುವುದು ಸಹಜ. ನನಗೂ ಉಬ್ಬಿದೆ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷದ ಮೇ 2ರಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬ್ರಿಟಿಷರ ಗುಂಡು ತಗುಲಿ ಅದು ಸಿಡಿಯಿತು. ಎರಡು ದಿನಗಳಲ್ಲಿ ಕೋಟೆ ಬಿತ್ತು. ವೈರಿಗೆಂದು ಕೂಡಿಟ್ಟ ಬೆಂಕಿ ಮೊದಲು ಸುಟ್ಟದ್ದು ಮನೆಯವರನ್ನು. ಅಳಿದುಳಿದ ಕೊಳವೆಗಳು ಇಂಗ್ಲೆಂಡಿನ ವುಲಿಚ್ಚಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ತಿದ್ದಿ ತೀಡಿ ತನ್ನ ಹೆಸರಿನ ರಾಕೆಟ್ಟುಗಳನ್ನು ರೂಪಿಸಿದ. 1807ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪಡೆ ಆ ರಾಕೆಟ್ಟುಗಳನ್ನೂ ಬಾಂಬುಗಳನ್ನೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಮೇಲೆ ಕೆಲವು ರಾತ್ರಿಗಳ ಕಾಲ ಸುರಿಯಿತು. ನಗರದ ಒಂದು ಭಾಗ ಬೂದಿಯಾಯಿತು; ಸತ್ತವರಲ್ಲಿ ಹೆಚ್ಚಿನವರು ಸೈನಿಕರಲ್ಲ, ಊರಿನ ಜನ. ಡೆನ್ಮಾರ್ಕಿನ ಆ ಹೆಂಗಸರಿಗೂ ಮಕ್ಕಳಿಗೂ ಮೈಸೂರಿನ ಮೇಲೆ ಯಾವ ಹಗೆಯಿತ್ತು? ನಮ್ಮ ಕಮ್ಮಾರನ ಕೊಳವೆ ಹೋಗಿ ಅವರ ಸೂರಿನ ಮೇಲೆ ಬಿತ್ತು. ಬೆಂಕಿಗೆ ತಾಯಿನಾಡಿಲ್ಲ. ಒಮ್ಮೆ ಕೈಬಿಟ್ಟರೆ ಅದು ಹಿಡಿದವನ ಆಳು.

ನಮ್ಮ ಭಾಷಣಕಾರರು ಈ ಕತೆಯನ್ನು ಹೇಳುವ ಬಗೆಯೇ ಬೇರೆ: "ನಮ್ಮ ರಾಕೆಟ್ಟನ್ನು ಆಂಗ್ಲರು ಕದ್ದರು, ನಮ್ಮ ತಂತ್ರಜ್ಞಾನ ಯುರೋಪನ್ನೇ ನಡುಗಿಸಿತು." ಕೋಪನ್‌ಹೇಗನ್ ಉರಿದುದೂ ನಮ್ಮ ಹೆಗ್ಗಳಿಕೆಯ ಪಟ್ಟಿಗೆ ಸೇರುತ್ತದೆ! ಕಳ್ಳತನವಾದುದಕ್ಕೆ ಕೋಪ, ಕದ್ದ ಮಾಲು ಯಾರನ್ನು ಸುಟ್ಟಿತೆಂಬುದರ ಬಗ್ಗೆ ಮೌನ. ಇದು ಅಭಿಮಾನವಲ್ಲ, ಆತ್ಮವಂಚನೆ.

ಮತ್ತೂ ಒಂದು ಮಾತು. ಈ ಐದು ಸಾವಿರ ಬಾಣದವರಲ್ಲಿ ಒಬ್ಬನ ಹೆಸರಾದರೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೈದರ್ ಗೊತ್ತು, ಟಿಪ್ಪು ಗೊತ್ತು, ಕಾಂಗ್ರೀವನೂ ಗೊತ್ತು. ಬಾಣ ಕಟ್ಟಿದ ಕಮ್ಮಾರ, ಬಿದಿರು ಸೀಳಿದ ಮೇದರವ, ಮದ್ದು ಅರೆದು ಕೈ ಸುಟ್ಟುಕೊಂಡವ ಯಾರೂ ಗೊತ್ತಿಲ್ಲ. ಎರಡನೆಯ ಮಹಾಯುದ್ಧದ ಜ್ವಾಲಾಕ್ಷೇಪಕದ ಸೈನಿಕ ಸುಮಾರು 30 ಕಿಲೋ ಭಾರ ಹೊತ್ತು ಶತ್ರುವಿನ ಹತ್ತಿರಕ್ಕೆ ಹೋಗಬೇಕಿತ್ತು. ಅವನ ಬೆಂಕಿ ಹತ್ತು ಸೆಕೆಂಡುಗಳೊಳಗೆ ಮುಗಿಯುತ್ತಿತ್ತು. ಆಮೇಲೆ ಎದುರಿನ ಬಂದೂಕುಗಳೆಲ್ಲ ಅವನನ್ನೇ ಹುಡುಕುತ್ತಿದ್ದವು. ಬೆಂಕಿ ಹಾಕುವವನೂ ಬೆಂಕಿಗೇ ಸೇರಿದವನು. ನಮ್ಮ ನಾಟಕದ ಕೊನೆಯಲ್ಲಿ ಪಡೆ ತನ್ನನ್ನು ತಾನೇ ಸುಟ್ಟುಕೊಂಡಾಗ ಸಭೆ ಎದ್ದು ನಿಂತಿತಲ್ಲ, ಅದನ್ನು ನೆನೆದರೆ ಈಗ ಮೈ ಬೆಚ್ಚುತ್ತದೆ. ಆಜ್ಞೆ ಕೊಟ್ಟವರಾರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

* * *

ಒಳನಾಡಿನ ಕನ್ನಡಿಗನಿಗೆ ಇಲ್ಲದ ಒಂದು ಕಷ್ಟ ನಮಗಿದೆ. ನಾನದನ್ನು ಭಾಗ್ಯವೆಂದೇ ಕರೆಯುತ್ತೇನೆ. ಮೈಸೂರಿನಲ್ಲಿ ಕುಳಿತವನು ಬಾಣ ಹಾರುವುದನ್ನು ಮಾತ್ರ ನೋಡುತ್ತಾನೆ. ನಾವು ಬಾಣ ಇಳಿಯುವ ಕಡೆ ಮನೆ ಮಾಡಿಕೊಂಡಿದ್ದೇವೆ.

1789ರ ಡಿಸೆಂಬರ್ ಕೊನೆಯಲ್ಲಿ ಮೈಸೂರು ಸೈನ್ಯ ತಿರುವಾಂಕೂರಿನ ನೆಡುಂಕೋಟ್ಟ ಎಂಬ ರಕ್ಷಣಾರೇಖೆಯ ಮೇಲೆ ಏರಿಬಂದು ಹಿಮ್ಮೆಟ್ಟಿತು. ಮರುವರ್ಷ ಅದನ್ನು ಭೇದಿಸಿ ಆಲುವಾದವರೆಗೆ ಬಂತು. ಮಳೆಗಾಲದ ಪೆರಿಯಾರ್ ಮತ್ತು ಬ್ರಿಟಿಷರ ಯುದ್ಧಸನ್ನಾಹ ಅದನ್ನು ಹಿಂದಿರುಗಿಸಿದವು. ಇಲ್ಲಿನವರು ಇಂದಿಗೂ ಇದನ್ನು 'ಪಡಯೋಟ್ಟಂ' ಎನ್ನುತ್ತಾರೆ. ಪಡೆಯ ಓಟ ಎಂದರ್ಥ. ಪಡೆ ಎಂಬುದು ನಮಗೂ ಅವರಿಗೂ ಒಂದೇ ಶಬ್ದ. ಆದರೆ ನಮ್ಮಲ್ಲಿ ಅದು ಶೌರ್ಯದ ಶಬ್ದ, ಅವರ ಅಜ್ಜಿಯರ ಬಾಯಲ್ಲಿ ಅದು ಮನೆಬಿಟ್ಟು ಓಡಿದ ದಿನದ ಶಬ್ದ. ಟೀಚರ್ ಆಲುವಾದವರೆಂದು ಆಗಲೇ ಹೇಳಿದೆ. ಪ್ರಶ್ನೆ ಅಲ್ಲಿಂದ ಬಂತು.

ಈ ನೆನಪನ್ನು ಇಂದು ಮತದ್ವೇಷಕ್ಕೆ ಉರುವಲಾಗಿ ಬಳಸುವವರು ಎರಡೂ ರಾಜ್ಯಗಳಲ್ಲಿ ಇದ್ದಾರೆ. ಅವರಿಗೆ ಈ ಲೇಖನ ಒಂದು ಕಡ್ಡಿಯನ್ನೂ ಒದಗಿಸದಿರಲಿ. ನನ್ನ ತಕರಾರು ಒಬ್ಬ ಸುಲ್ತಾನನ ಮತದ ಬಗ್ಗೆ ಅಲ್ಲ. ಅಂದು ಇದ್ದ ಯಾವ ರಾಜನ ಸೈನ್ಯವೂ ದಾರಿಯ ಹಳ್ಳಿಗಳನ್ನು ಹೂವಿನಿಂದ ಪೂಜಿಸಲಿಲ್ಲ. ಮರಾಠರ ಸೈನ್ಯ ನಮ್ಮ ನಾಡಿನಲ್ಲಿಯೇ ಏನು ಮಾಡಿತೆಂಬುದು 1791ರಲ್ಲಿ ಲೂಟಿಗೊಳಗಾದ ಶೃಂಗೇರಿಗೆ ಗೊತ್ತಿದೆ. ಆ ಮಠಕ್ಕೆ ಧನಸಹಾಯ ಕಳಿಸಿದವನು ಅದೇ ಟಿಪ್ಪು. ಆದ್ದರಿಂದ ಒಬ್ಬನನ್ನು ದೇವರೋ ದೆವ್ವವೋ ಮಾಡುವ ಜಗಳ ನಮಗೆ ಬೇಡ. ನಮಗೆ ಬೇಕಾದುದು ಬೆಂಕಿಯ ಎರಡೂ ತುದಿಗಳನ್ನು ಒಟ್ಟಿಗೆ ನೋಡುವ ಕಣ್ಣು.

ಈ ಕಣ್ಣು ನಮ್ಮ ಪರಂಪರೆಗೆ ಹೊಸದಲ್ಲ. ಯಕ್ಷಗಾನದ ಊರುಗಳಿಂದ ಬಂದ ಓದುಗರಿಗೆ ಖಾಂಡವ ದಹನವನ್ನು ವಿವರಿಸಬೇಕಾಗಿಲ್ಲ. ಅಗ್ನಿಯ ಹಸಿವಿಗೆಂದು ಕೃಷ್ಣಾರ್ಜುನರು ಇಡೀ ಕಾಡನ್ನು ಸುತ್ತುವರಿದು, ಓಡುವ ಪ್ರಾಣಿಗಳನ್ನು ಮತ್ತೆ ಬೆಂಕಿಗೆ ಅಟ್ಟಿದರು. ಲೋಕದ ಮೊದಲ ಬೆಂಕಿಪಡೆ ಎಂದರೆ ಅವರಿಬ್ಬರೇ ಇರಬೇಕು. ಆದರೆ ಮಹಾಕವಿ ಗೆದ್ದವರ ರಥದ ಮೇಲೆಯೇ ಕುಳಿತುಬಿಡಲಿಲ್ಲ. ಉಳಿದವರನ್ನು ಎಣಿಸಿದ: ಅಶ್ವಸೇನನೆಂಬ ಸರ್ಪ, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ತಾಯಿಯನ್ನು ಕಳೆದುಕೊಂಡ ಆ ಸರ್ಪ ಎಷ್ಟೋ ಪರ್ವಗಳ ಅನಂತರ ಕರ್ಣನ ಬಾಣವಾಗಿ ಅರ್ಜುನನ ಕೊರಳಿಗೆ ಗುರಿಯಿಟ್ಟು ಬರುತ್ತದೆ. ಬೆಂದವರು ಮರೆಯುವುದಿಲ್ಲವೆಂಬುದನ್ನು ನಮ್ಮ ಅಜ್ಜಂದಿರು ಬಯಲಾಟದಲ್ಲಿ ರಾತ್ರಿಯಿಡೀ ಕುಳಿತು ಕಲಿತರು. ವ್ಯಾಸನಿಗೂ ಕುಮಾರವ್ಯಾಸನಿಗೂ ಇದ್ದ ಈ ನ್ಯಾಯಬುದ್ಧಿ ನಮ್ಮ ರಾಜ್ಯೋತ್ಸವದ ವೇದಿಕೆಗೆ ಏಕಿಲ್ಲ?

* * *

ನನ್ನ ಮಿತ್ರರು ಕೆಲವರು ಈ ಬರಹದ ಕರಡನ್ನು ಓದಿ ಎತ್ತಿದ ಆಕ್ಷೇಪಗಳಿಗೆ ಉತ್ತರಿಸುವುದು ನ್ಯಾಯ.

"ಮಕ್ಕಳ ನಾಟಕ; ಬರೀ ಕಲ್ಪನೆ; ಇಷ್ಟೊಂದು ತೂಕ ಏಕೆ?" ಎಂದರು ಒಬ್ಬರು. ಕಲ್ಪನೆಯೆಂದೇ ತೂಕ. ಚರಿತ್ರೆ ನಮಗೆ ದೊರೆತದ್ದು. ಕಲ್ಪನೆ ನಾವು ಆಯ್ದುಕೊಂಡದ್ದು. ನಾವೇನಾಗಿದ್ದೆವು ಎಂಬುದನ್ನು ಚರಿತ್ರೆ ಹೇಳಿದರೆ ಏನಾಗಬೇಕೆಂದು ಆಸೆಪಡುತ್ತೇವೆ ಎಂಬುದನ್ನು ಕಲ್ಪನೆ ಹೇಳುತ್ತದೆ.

"ಹೊರನಾಡಿನಲ್ಲಿದ್ದೇವೆಂದು ನಾವು ಸದಾ ತಲೆತಗ್ಗಿಸಬೇಕೇ?" ಎಂದರು ಇನ್ನೊಬ್ಬರು. ತಲೆ ತಗ್ಗಿಸಿರೆಂದು ಟೀಚರ್ ಕೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಬೆಂದವರು ಎಲ್ಲಿ ಎಂದು ಕೇಳಿದರು, ಅಷ್ಟೆ. ಅತಿಥಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು ದಾಸ್ಯವಲ್ಲ, ಸಂಸ್ಕಾರ.

"ಇವೆಲ್ಲ ಹಳೆಯ ಕಾಲದ ಕ್ರೌರ್ಯ, ಈಗ ಕಾನೂನುಗಳಿವೆ" ಎಂದರು ಮೂರನೆಯವರು. ಇವೆ, ಆದರೆ ಅವುಗಳಲ್ಲಿನ ಕಂಡಿಗಳನ್ನೂ ನೋಡಬೇಕು. 1980ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದದ ಮೂರನೆಯ ವಿಧಿಪತ್ರ ಬೆಂಕಿಯ ಆಯುಧಗಳನ್ನು ಕುರಿತದ್ದು. ಭಾರತ 1984ರಲ್ಲಿಯೇ ಅದಕ್ಕೆ ಬದ್ಧವಾಯಿತು. ನಾಗರಿಕರನ್ನು ಇಂಥ ಆಯುಧಗಳಿಗೆ ಗುರಿಮಾಡಬಾರದು. ಜನವಸತಿಯ ನಡುವಿನ ಸೈನಿಕ ಗುರಿಯ ಮೇಲೆ ವಿಮಾನದಿಂದ ಬೆಂಕಿ ಸುರಿಯಬಾರದು. ಶತ್ರು ಅಡಗಿಲ್ಲದ ಹೊರತು ಕಾಡನ್ನು ಸುಡಬಾರದು, ಎನ್ನುತ್ತದೆ ಅದು. ಖಾಂಡವವನವನ್ನು ಉಳಿಸುವ ಮಾತು ಕೊನೆಗೂ ಕಾನೂನಾಯಿತಲ್ಲ ಎಂದು ಸಂತೋಷಪಡೋಣ. ಆದರೆ ಜ್ವಾಲಾಕ್ಷೇಪಕ ಆ ಕಾನೂನಿನ ವ್ಯಾಖ್ಯೆಯಲ್ಲಿ ಇದೆಯೇ ಹೊರತು ನಿಷೇಧದಲ್ಲಿ ಇಲ್ಲ. ಬಯಲಿನಲ್ಲಿರುವ ಸೈನಿಕನ ಮೈಗೆ ಬೆಂಕಿ ಹಚ್ಚುವುದನ್ನು ಅದು ತಡೆಯುವುದಿಲ್ಲ. ಸುಡುವುದೇ ಮುಖ್ಯ ಉದ್ದೇಶವಲ್ಲ ಎಂದು ಹೇಳಿಕೊಂಡ ಆಯುಧಗಳೂ ಅದರ ಕೈಗೆ ಸಿಗದೆ ನುಣುಚಿಕೊಳ್ಳುತ್ತವೆ. ಅಮೆರಿಕ 1978ರಲ್ಲಿ ಜ್ವಾಲಾಕ್ಷೇಪಕವನ್ನು ತನ್ನ ಸೈನ್ಯದಿಂದ ಹಿಂತೆಗೆದುಕೊಂಡಿತು, ನಿಜ. ಆದರೆ ರಷ್ಯಾದ ಸೈನ್ಯದಲ್ಲಿ 'ಭಾರಿ ಜ್ವಾಲಾಕ್ಷೇಪಕ' ಎಂಬ ಹೆಸರನ್ನೇ ಹೊತ್ತ ರಾಕೆಟ್ ಬಂಡಿಗಳಿವೆ. 2022ರ ಉಕ್ರೇನ್ ಯುದ್ಧದಲ್ಲಿ ಅವು ಕಾಣಿಸಿಕೊಂಡವು. ಅವುಗಳನ್ನು ನಡೆಸುವ ಪಡೆಯ ಅಧಿಕೃತ ಹೆಸರು ಏನೆಂದುಕೊಂಡಿರಿ? ವಿಕಿರಣ, ರಾಸಾಯನಿಕ ಮತ್ತು ಜೈವಿಕ 'ರಕ್ಷಣಾ' ಪಡೆ! ಲೈಫ್‌ಬಾಯಿಯ ಹಾಸ್ಯ ಇನ್ನೂ ಮುಗಿದಿಲ್ಲ.

* * *

ಹಾಗಾದರೆ ಏನು ಮಾಡೋಣ? ಬಾಣದವರ ಕತೆಯನ್ನು ಹೇಳಬಾರದೆಂದು ನಾನು ಹೇಳುತ್ತಿಲ್ಲ. ಪೂರ್ತಿ ಹೇಳೋಣ ಎನ್ನುತ್ತಿದ್ದೇನೆ. ನಗರದ ಬಾವಿಯಿಂದ ಹೊರಟ ಕತೆ ನೆಡುಂಕೋಟ್ಟಕ್ಕೂ ಹೋಗಲಿ, ಕೋಪನ್‌ಹೇಗನ್ನಿಗೂ ಹೋಗಲಿ, ಕೊನೆಗೆ ತಿರುವನಂತಪುರದ ತುಂಬಾ ಕಡಲತೀರಕ್ಕೂ ಬರಲಿ. ಅಲ್ಲಿ 1963ರ ನವೆಂಬರ್ 21ರಂದು ಮೇಲೇರಿದ ರಾಕೆಟ್ಟು ಯಾರ ಮೇಲೂ ಬೀಳಲಿಲ್ಲ. ಮೇಲಿನ ವಾಯುಮಂಡಲವನ್ನು ಅರಿಯಲು ಹೋದ ಬೆಂಕಿ ಅದು. ಅದಕ್ಕೆ ಮೀನುಗಾರರು ತಮ್ಮ ನೆಲವನ್ನೂ ಇಗರ್ಜಿಯನ್ನೂ ಬಿಟ್ಟುಕೊಟ್ಟರು. ಆ ವಿಜ್ಞಾನವನ್ನು ಬೆಳೆಸಿದವರಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರಿದ್ದರು. ಅದೇ ವಿಜ್ಞಾನದ ಮಗ್ಗುಲಿನಲ್ಲಿ 1989ರಲ್ಲಿ 'ಅಗ್ನಿ' ಎಂಬ ಕ್ಷಿಪಣಿಯೂ ಹುಟ್ಟಿತೆಂಬುದನ್ನು ಮರೆಯದೆ ಹೇಳೋಣ. ಒಂದೇ ಕೊಳವೆ ಎರಡು ಕಡೆಗೂ ತಿರುಗಬಲ್ಲದೆಂಬ ಎಚ್ಚರ ಮಕ್ಕಳಿಗೆ ಬೇಡವೇ?

ಬೆಂಕಿಯೆಂದರೇನೆಂದು ಕಾಕ್ಕನಾಡಿನವರಿಗೆ ಯಾವ ಪುಸ್ತಕವೂ ಹೇಳಬೇಕಾಗಿಲ್ಲ. 2023ರ ಮಾರ್ಚ್ 2ರಂದು ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ತಗುಲಿ ಹತ್ತು ಹನ್ನೆರಡು ದಿನ ಈ ಊರು ಹೊಗೆಯಲ್ಲಿ ಮುಳುಗಿತ್ತು. ನಾವು 'ಅವರು', 'ಇವರು' ಎನ್ನದೆ ಒಟ್ಟಿಗೆ ಕೆಮ್ಮಿದೆವು. ಆ ದಿನಗಳಲ್ಲಿ ವಿಷದ ಹೊಗೆಯೊಳಗೆ ಹಗಲಿರುಳೂ ನಿಂತು ನೀರು ಹೊಡೆದ ಅಗ್ನಿಶಾಮಕ ದಳದವರನ್ನು ನಾವು ಕಣ್ಣಾರೆ ಕಂಡೆವು. ಮುಖಕ್ಕೆ ಮುಸುಕು ತೊಟ್ಟವರು, ಕೈಯಲ್ಲಿ ಕೊಳವೆ ಹಿಡಿದವರು, ಹೆಸರು ಯಾರಿಗೂ ತಿಳಿಯದವರು. ಹುಡುಗ ಹುಡುಕುತ್ತಿದ್ದ ಪಡೆ ಇಷ್ಟು ಹತ್ತಿರದಲ್ಲಿತ್ತು. ಲೈಪ್‌ಜಿಗ್ಗಿನ ಅಧಿಕಾರಿ ನೀರಿನ ಕೊಳವೆ ಬಿಟ್ಟು ಬೆಂಕಿಯ ಕೊಳವೆ ಹಿಡಿದ. ನಮ್ಮ ಮಕ್ಕಳ ಕಲ್ಪನೆ ಆ ದಾರಿಯನ್ನು ಹಿಂದಕ್ಕೆ ನಡೆಯಬಾರದೇಕೆ?

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಹುಡುಗನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮುನಿಸಿಕೊಂಡು ಕುಳಿತ. ಆಮೇಲೆ, "ಅಂಕಲ್, ಎರಡನೇ ಅಂಕ ಬರೆಯಲೇ? ಸುಟ್ಟ ಊರಿನಲ್ಲಿ ಶುರುವಾಗುವ ಹಾಗೆ?" ಎಂದ. ಬರೆ ಎಂದಿದ್ದೇನೆ. ಆ ಊರಿನವರು ಮಲಯಾಳದಲ್ಲಿ ಮಾತಾಡಬೇಕೆಂದು ಅವನ ಹಟ. ಅದನ್ನು ತಿದ್ದಿಕೊಡಲು ಟೀಚರ್ ಒಪ್ಪಿದ್ದಾರೆ. ಕನ್ನಡ ಸಂಘದ ವೇದಿಕೆಯಲ್ಲಿ ಮಲಯಾಳದ ಸಂಭಾಷಣೆಯೇ ಎಂದು ಹುಬ್ಬೇರಿಸುವವರಿಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಬೆಂದವರು ತಮ್ಮ ಭಾಷೆಯಲ್ಲಿಯೇ ಕೂಗುತ್ತಾರೆ. ಅದು ಕೇಳಿಸುವಷ್ಟು ಜಾಗ ನಮ್ಮ ವೇದಿಕೆಯಲ್ಲಿ ಇರಲಿ.